ಗೊತ್ತಿಲ್ಲದ ಏರ್‌ಟ್ಯಾಗ್ ಜೊತೇಲಿದೆ ಅಂತ ಅಲರ್ಟ್ ಬಂದಿದೆ, ಅನುಭವ ಇರೋರು ಹೇಳಿ

ತಂಗಿ ಮೈಸೂರಲ್ಲಿ ಪಿಜೀಲಿದಾಳೆ. ನಿನ್ನೆ ರಾತ್ರಿ ಅವಳ ಆಂಡ್ರಾಯ್ಡ್ ಫೋನಿಗೆ ಯಾರದ್ದೋ ಏರ್‌ಟ್ಯಾಗ್ ನಿಮ್ಮ ಜೊತೆ ಓಡಾಡ್ತಿದೆ ಅಂತ ಅಲರ್ಟ್ ಬಂತು, ತುಂಬಾ ಹೆದರಿದಾಳೆ. (ಏರ್‌ಟ್ಯಾಗ್ ಅಂದ್ರೆ ಸಾಮಾನು ಎಲ್ಲಿದೆ ಅಂತ ಓನರ್ ಫೋನಲ್ಲಿ ತೋರ್ಸೋ ಆಪಲ್ ಕಂಪನಿಯ ಪುಟ್ಟ ಬಿಲ್ಲೆ.) ಹಿಂಗೆ ಯಾರಿಗಾದ್ರೂ ಆಗಿದ್ಯಾ? ಏನ್ ಮಾಡಿದ್ರಿ?

— ನನಗೆ ಆಗಿತ್ತು. ಮೊದ್ಲು ಆ ಅಲರ್ಟನ್ನ ಸ್ಕ್ರೀನ್‌ಶಾಟ್ ತೆಗೆದಿಡೋಕೆ ಹೇಳಿ, ಆಮೇಲೆ ಅದನ್ನ ಒತ್ತಿದ್ರೆ ಎಲ್ಲೆಲ್ಲಿ ಜೊತೇಲಿತ್ತು ಅಂತ ಮ್ಯಾಪ್ ಬರತ್ತೆ, ಅಲ್ಲೇ ಸೌಂಡ್ ಮಾಡಿಸೋ ಬಟನ್ನೂ ಇದೆ, ಅದನ್ನ ಒತ್ತಿದ್ರೆ ಟ್ಯಾಗ್ ಇಟ್ಟೋರಿಗೆ ಗೊತ್ತಾಗಲ್ಲ. ನನಗೆ ಸಿಕ್ಕಿದ್ದು ಅತ್ತಿಗೆಯಿಂದ ಊರಿಗೆ ಅಂತ ಇಸ್ಕೊಂಡಿದ್ದ ಟ್ರಾಲಿ ಬ್ಯಾಗಿನ ಸೈಡ್ ಜಿಪ್ಪಲ್ಲಿ, ಅವರದ್ದೇ ಟ್ಯಾಗು. ಅವಳೂ ಯಾರದ್ದಾದ್ರೂ ಬ್ಯಾಗು, ಸ್ಕೂಟರ್ ಕೀ ಇಸ್ಕೊಂಡಿದಾಳಾ ಕೇಳಿ.

— ಸೌಂಡ್ ಬರ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ಕೋಬೇಡಿ, ಸ್ಪೀಕರ್ ಕಿತ್ತಾಕಿ ಇಡೋ ಜನಾನೂ ಇದಾರೆ. ಟ್ಯಾಗ್ ತಾನಾಗೇ ಕೂಗೋದಂತೂ ಬಹಳ ತಡ: 2021ರಲ್ಲಿ ಬಂದಾಗ ಓನರ್‌ನಿಂದ ದೂರಾಗಿ 3 ದಿನ ಆದ್ಮೇಲೆ ಕೂಗ್ತಿತ್ತು, ಆಮೇಲೆ ಅದನ್ನ 8ರಿಂದ 24 ಗಂಟೆ ಒಳಗೆ ಅಂತ ಮಾಡಿದ್ರು. ಇನ್ನೊಂದು ಮುಖ್ಯ ವಿಷ್ಯ, ಓನರ್ ಫೋನ್ ಹತ್ರ ಇರೋವರೆಗೂ ಅಲರ್ಟ್ ಬರಲ್ಲ, ಅದಕ್ಕೇ ಒಂದೇ ಮನೇಲಿರೋರು ಇಟ್ಟಿದ್ರೆ ಫೋನನ್ನ ಪೂರ್ತಿ ನಂಬೋಕಾಗಲ್ಲ. ಬ್ಯಾಗಿನ ಲೈನಿಂಗು, ಸ್ಕೂಟರ್ ಸೀಟ್ ಕೆಳಗೆ, ನಂಬರ್ ಪ್ಲೇಟ್ ಹಿಂದೆ, ಎಲ್ಲಾ ಕಡೆ ಕೈಯಾಡಿಸಿ ನೋಡ್ಲೇಬೇಕು.

— ಸಿಕ್ಕಿದ ತಕ್ಷಣ ಸಿಟ್ಟಲ್ಲಿ ಒಡೆದು ಬಿಸಾಕ್ಬೇಡಿ ದಯವಿಟ್ಟು!! ನನ್ನ ಫ್ರೆಂಡಿಗೆ ಅವಳ ಹಿಂದೆ ಬಿದ್ದಿದ್ದವನೊಬ್ಬ ಇಟ್ಟಿದ್ದ, ನಾವು ಮಾಡಿದ್ದು ಹೇಳ್ತೀನಿ. ಟ್ಯಾಗಿನ ಬಿಳಿ ಬದಿಗೆ ಫೋನ್ ತಾಗಿಸಿದ್ರೆ ಒಂದು ಪೇಜ್ ತೆರೆಯತ್ತೆ, ಅದಕ್ಕೆ ಫೋನಲ್ಲಿ ಎನ್‌ಎಫ್‌ಸಿ (ತಾಗಿಸಿದ್ರೆ ಮಾಹಿತಿ ಓದೋ ಸೌಲಭ್ಯ) ಇರ್ಬೇಕು, ಆ ಪೇಜಲ್ಲಿ ಸೀರಿಯಲ್ ನಂಬರ್ ಮತ್ತೆ ಓನರ್ ಫೋನ್ ನಂಬರಿನ ಕೊನೇ 4 ಅಂಕಿ ಇರತ್ತೆ, ಅವಳು ಆ ಅಂಕಿ ನೋಡಿದ ಕೂಡ್ಲೇ ಯಾರಂತ ಹೇಳಿಬಿಟ್ಳು. ಫೋಟೋ ತೆಗ್ದು ಸೀದಾ ಸ್ಟೇಷನ್ನಿಗೆ ಹೋದ್ವಿ, ಸ್ಟೀಲ್ ಮುಚ್ಚಳ ಒತ್ತಿ ಎಡಕ್ಕೆ ತಿರುಗಿಸಿ ಬ್ಯಾಟರಿ ತೆಗೆದಿದ್ದು ಅಲ್ಲೇ, ಯಾಕಂದ್ರೆ ಲೊಕೇಶನ್ ನಿಂತೋದ್ರೆ ಅವನಿಗೂ ಗೊತ್ತಾಗತ್ತೆ, ಕೊನೇ ಲೊಕೇಶನ್ ಮನೆ ಅಂತ ಇರೋದು ಬೇಡ ಅಂತ. ಆ ಸೀರಿಯಲ್ ನಂಬರ್ ಇಟ್ಕೊಂಡು ಪೊಲೀಸರು ಆಪಲ್‌ನಿಂದ ಮಾಹಿತಿ ಕೇಳ್ಬಹುದು. ಹುಡುಗಿ ಹಿಂದೆ ಬಿದ್ದು ಕಾಡೋದು ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 78ರಲ್ಲಿ ಅಪರಾಧ, ಕಂಪ್ಲೇಂಟ್ ಬರ್ಕೊಟ್ಟು ಕಾಪಿ ಇಸ್ಕೊಳ್ಳಿ. ಈಗ್ಲೇ ಯಾರೋ ಹಿಂಬಾಲಿಸ್ತಿದಾರೆ ಅನ್ಸಿದ್ರೆ 112.

— ಪಿಜೀಲಿರೋ ಬೇರೆ ಹುಡುಗೀರಿಗೂ ಹೇಳೋಕೆ ಹೇಳಿ, ಬ್ಲೂಟೂತ್, ಲೊಕೇಶನ್ ಆನ್ ಇಲ್ದಿದ್ರೆ ಅಲರ್ಟೇ ಬರಲ್ಲ. ಆಂಡ್ರಾಯ್ಡ್ 6ರಿಂದ ಮೇಲೆ ಸೆಟ್ಟಿಂಗ್ಸಲ್ಲಿ ಸೇಫ್ಟಿ ಅಂಡ್ ಎಮರ್ಜೆನ್ಸಿ ಒಳಗೆ ಗೊತ್ತಿಲ್ಲದ ಟ್ರ್ಯಾಕರ್‌ಗಳ ಅಲರ್ಟ್ ಇದೆ, ಅಲ್ಲೇ ಕೈಯಾರೆ ಸ್ಕ್ಯಾನೂ ಮಾಡ್ಬಹುದು. ಐಫೋನ್ ಇದ್ರೆ ಅದರ ಸಾಫ್ಟ್‌ವೇರ್ ಐಒಎಸ್ 17.5 ಅಥವಾ ಅದಕ್ಕಿಂತ ಹೊಸ ಅಪ್‌ಡೇಟ್ ಹಾಕಿ, 2024 ಮೇನಲ್ಲಿ ಬಂದಿದ್ದು, ಆಪಲ್ ಬಿಟ್ಟು ಬೇರೆಯವರ ಟ್ರ್ಯಾಕರ್‌ಗೂ ಅಲರ್ಟ್ ಕೊಡತ್ತೆ.