ಅಪ್‌ಡೇಟ್: ಎಣ್ಣೆ ಬಾವಿ ಕೊರೆಯೋ ರಿಗ್ ಕೆಲಸ ಹೋಗಿತ್ತಲ್ಲ, ಈಗ ಬೇರೆ ಕಡೆ ಸಿಕ್ತು

ಕಚ್ಚಾ ಎಣ್ಣೆ ರೇಟ್ ಬಿದ್ದು ರಿಗ್ ನಿಂತು ನನ್ನನ್ನ ಲೇಆಫ್ ಮಾಡಿದಾರೆ, ಡ್ರಿಲ್ಲಿಂಗ್ ಬಿಟ್ರೆ ಬೇರೆ ಗೊತ್ತಿಲ್ಲ, ಏನ್ ಮಾಡ್ಲಿ ಅಂತ ಇಲ್ಲಿ ಕೇಳಿದ್ದೆ ನೆನಪಿದ್ಯಾ? ಕೆಲಸ ಸಿಕ್ತು! ಜಿಯೋಥರ್ಮಲ್ (ನೆಲದೊಳಗಿನ ಬಿಸಿ ಬಳಸೋ) ಬಾವಿ ಕೊರೆಯೋ ಟೀಮಲ್ಲಿ, ಮುಂದಿನ ವಾರ ಜಾಯಿನ್.

ದಿನಕ್ಕೆ ಇಪ್ಪತ್ತು ಜಾಬ್ ಪೋರ್ಟಲ್ ಅಪ್ಲಿಕೇಶನ್ ಹಾಕು ಅಂತ ಕೆಲವ್ರು ಅಂದಿದ್ರಲ್ಲ, ಅದ್ರಿಂದ ಒಂದು ಕಾಲ್ ಕೂಡ ಬರ್ಲಿಲ್ಲ. ಸಂಬಳ ಕಮ್ಮಿ ಕೇಳಿದ್ರೂ ಉಪಯೋಗ ಆಗ್ಲಿಲ್ಲ.

ಕೆಲಸ ಮಾಡಿದ್ದು ಸಿವಿಯಿಂದ ರಿಗ್ ಭಾಷೆ ತೆಗಿ ಅನ್ನೋ ಸಲಹೆ. ಮೊದಲು "ಎಂಡಬ್ಲ್ಯೂಡಿ ಇಂಜಿನಿಯರ್, 12¼ ಇಂಚ್ ಸೆಕ್ಷನ್" ಅಂತ ಇತ್ತು (ಅಂದ್ರೆ ಅಷ್ಟಗಲದ ಬಾವಿ ಭಾಗ ಕೊರೀತಿರುವಾಗ್ಲೇ ಒಳಗಿನ ಅಳತೆ ತಗೊಳ್ಳೋ ಕೆಲಸ), ಅದನ್ನ ತೆಗೆದು "ನೆಲದೊಳಗೆ ಬಿಸಿ, ಅದುರಾಟ ತಡ್ಕೊಂಡು ಓಡೋ ಸೆನ್ಸರ್ ನೋಡ್ಕೊಳ್ತಿದ್ದೆ, ಕೆಟ್ರೆ ಕಾರಣ ಹುಡುಕ್ತಿದ್ದೆ" ಅನ್ನೋ ಥರ ಬರೆದೆ, ಆಮೇಲೆ ಹಳೇ ಡ್ರಿಲ್ಲರ್ ಒಬ್ರಿಗೆ ಫೋನ್ ಮಾಡಿದೆ, ಅವ್ರೇ ಈ ಟೀಮಿಗೆ ಪರಿಚಯ ಮಾಡ್ಸಿದ್ರು. ಫೋನ್ ಮಾಡೋಕೆ ಮೂರು ವಾರ ಹಿಂಜರಿದೆ, ನೀವ್ ಹಾಗೆ ಮಾಡ್ಬೇಡಿ ಪ್ಲೀಸ್.

ಆಶ್ಚರ್ಯ ಆಗಿದ್ದು ಅಂದ್ರೆ, ಬಾವಿ ಕೊರೆಯೋ ರೀತಿ ಹೆಚ್ಚೂಕಮ್ಮಿ ಅದೇ, ಮಡ್ (ಕೊರೆಯುವಾಗ ಬಾವಿಯೊಳಗೆ ಹರಿಸೋ ದ್ರವ), ಕೇಸಿಂಗ್ (ಬಾವಿಗೆ ಹಾಕೋ ಉಕ್ಕಿನ ಪೈಪ್), ಸಿಮೆಂಟ್ ಎಲ್ಲಾ ಅದೇ, ಆದ್ರೆ ಬಂಡೆ ಗಟ್ಟಿ, ಬಿಸಿ ಜಾಸ್ತಿ. ಇನ್ನೊಂದು, ಎಲ್ಲಾ ಇಂಟರ್ವ್ಯೂನಲ್ಲೂ "ಎಣ್ಣೆ ರೇಟ್ ಏರಿದ್ರೆ ವಾಪಸ್ ಹೋಗ್ತೀರಾ?" ಅಂತ ಕೇಳಿದ್ರು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೇಲಿದ್ದದ್ದು 2016ರ ಜನವರಿಗೆ 30ರ ಕೆಳಗಿಳೀತು, 2020ರ ಏಪ್ರಿಲ್ 20ಕ್ಕೆ ಅಮೆರಿಕದ ಡಬ್ಲ್ಯೂಟಿಐ ಕಚ್ಚಾ ಎಣ್ಣೆ ಫ್ಯೂಚರ್ಸ್ (ಮುಂದೆ ಡೆಲಿವರಿ ಕೊಡೋಕೆ ಈಗ್ಲೇ ಮಾಡ್ಕೊಳ್ಳೋ ಒಪ್ಪಂದ) ರೇಟ್ ಸೊನ್ನೆಗಿಂತ ಕೆಳಗೆ ಹೋಯ್ತು, ಇಂಥ ಏರಿಳಿತ ನನಗೆ ಸಾಕು ಅಂತ ಇದ್ದದ್ದು ಇದ್ದ ಹಾಗೆ ಹೇಳ್ದೆ.

ವೆಲ್ ಕಂಟ್ರೋಲ್ (ಬಾವಿಯೊಳಗಿನ ಒತ್ತಡ ಹಿಡಿತದಲ್ಲಿಡೋ) ಸರ್ಟಿಫಿಕೇಟ್ ಇದ್ರೆ ಎಕ್ಸ್‌ಪೈರ್ ಆಗೋಕೆ ಬಿಡ್ಬೇಡಿ, ಇಲ್ಲೂ ಅದನ್ನ ಕೇಳಿದ್ರು.