ರೈಲು ನಿಲ್ಲದ ಮಾರ್ಫಾ, ಮತ್ತು ಒಂದು ಸಿಗಾರ್ ಡಬ್ಬಿ

ಎಲ್ಲರಿಗೂ ನಮಸ್ಕಾರ. ಮಗು ಸ್ಕೂಲಿಗೆ ಸೇರಿದ ಮೇಲೆ ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕಾ ಅಂತ ಅಮೆರಿಕದಲ್ಲಿರುವ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ನಾಲ್ಕು ದಿನದಿಂದ ಮಾತು ನಡೆಯುತ್ತಿದೆ. ನನ್ನ ಹತ್ತಿರ ಉಪದೇಶ ಇಲ್ಲ, ಒಂದು ಊರಿನ ಕಥೆ ಇದೆ.

ಹೋದ ಮಾರ್ಚ್ ರಜೆಯಲ್ಲಿ ಡ್ಯಾಲಸ್‌ನಿಂದ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ನೋಡಲು ಹೊರಟವರು ಸ್ವಲ್ಪ ಸುತ್ತು ಹಾಕಿ ಮಾರ್ಫಾಗೆ ಹೋದೆವು. ಪಶ್ಚಿಮ ಟೆಕ್ಸಾಸ್‌ನ ಬಯಲಲ್ಲಿರುವ ಪುಟ್ಟ ಊರು. 2020ರ ಜನಗಣತಿಯಲ್ಲಿ 1,788 ಜನ, ಅಷ್ಟೆ. ಈಗ ಎಲ್ಲರೂ ಅಲ್ಲಿಗೆ ಕಲಾಕೃತಿ ನೋಡಲು ಹೋಗುತ್ತಾರೆ. ನನಗೆ ಹಿಡಿಸಿದ್ದು ಅದಲ್ಲ.

ಈ ಊರು ಹುಟ್ಟಿದ್ದೇ ನೀರಿಗೆ. 1883ರಲ್ಲಿ ರೈಲು ಹಳಿ ಆ ಬಯಲನ್ನು ದಾಟಿತು. ಉಗಿ ಎಂಜಿನ್ನಿಗೆ ದಾರಿಯುದ್ದಕ್ಕೂ ನೀರು ತುಂಬಿಸಬೇಕಲ್ವಾ, ಅದಕ್ಕೆ ಇಲ್ಲೊಂದು ನಿಲುಗಡೆ. ರೈಲು ಬಂದಿದ್ದರಿಂದ ದನ ಸಾಗಿಸುವುದು ಸುಲಭವಾಯಿತು, ಸುತ್ತಲೂ ರಾಂಚ್‌ಗಳು, ಅಂದರೆ ದನ ಸಾಕುವ ದೊಡ್ಡ ದೊಡ್ಡ ಜಮೀನುಗಳು, ಬೆಳೆದವು. ಕೆಂಪು ಮೈ, ಬಿಳಿ ಮುಖದ ಹೆರ್‌ಫರ್ಡ್ ದನಗಳಿಗೆ ಆ ಸೀಮೆ ಹೆಸರುವಾಸಿ. 1885ರಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೇಂದ್ರವೂ ಇಲ್ಲಿಗೇ ಬಂತು, ಮರುವರ್ಷ ದೊಡ್ಡ ಗುಮ್ಮಟದ ಕೋರ್ಟ್ ಕಟ್ಟಡ ಎದ್ದು ನಿಂತಿತು. 1930ರ ಹೊತ್ತಿಗೆ ಸುಮಾರು 3,900 ಜನ. ಆಮೇಲೆ ಎರಡನೇ ಮಹಾಯುದ್ಧ ಮುಗಿದು ಅಲ್ಲಿ ಬೀಡುಬಿಟ್ಟಿದ್ದ ಸೈನ್ಯದವರು ಹೊರಟರು, 1950ರ ದಶಕದ ಬರ ರಾಂಚ್‌ಗಳನ್ನು ಹಿಂಡಿತು. ಊರು ಖಾಲಿಯಾಗುತ್ತಾ ಬಂತು.

ಹಳಿಯ ಮೇಲೆ, ರಾಂಚ್‌ಗಳಲ್ಲಿ ಬೆವರು ಸುರಿಸಿದವರಲ್ಲಿ ಮೆಕ್ಸಿಕನ್ ಮೂಲದವರು ಬಹಳ. ಆದರೆ ಅವರ ಮಕ್ಕಳಿಗೆ ಬೇರೆ ಶಾಲೆ. ಹಾಗಂತ ಟೆಕ್ಸಾಸ್‌ನಲ್ಲಿ ಕಾನೂನೇನೂ ಇರಲಿಲ್ಲ, ಬರೀ ರೂಢಿ. 1909ರಲ್ಲಿ ಹಸಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಆ ಶಾಲೆಗೆ ಆಮೇಲೆ ಬ್ಲ್ಯಾಕ್‌ವೆಲ್ ಸ್ಕೂಲ್ ಅಂತ ಹೆಸರಾಯಿತು. 1965ರವರೆಗೂ ನಡೆಯಿತು. ಒಳಗೆ ಸ್ಪ್ಯಾನಿಷ್ ಬಾಯಿಂದ ಬಂದರೆ ಮರದ ಹಲಗೆಯಲ್ಲಿ ಏಟು.

1954ರಲ್ಲಿ ಒಂದು ದಿನ ಮಕ್ಕಳ ಕೈಗೆ ಚೀಟಿ ಕೊಟ್ಟು, ಇನ್ನು ಸ್ಪ್ಯಾನಿಷ್ ಮಾತಾಡುವುದಿಲ್ಲ ಅಂತ ಬರೆಸಿದರು. ಚೀಟಿಗಳನ್ನೆಲ್ಲ ಒಂದು ಸಿಗಾರ್ ಡಬ್ಬಿಗೆ ಹಾಕಿದರು. ಧ್ವಜಕಂಬದ ಹತ್ತಿರ ಗುಂಡಿ ತೋಡಿ ಹೂತರು. 'ಮಿಸ್ಟರ್ ಸ್ಪ್ಯಾನಿಷ್' ತೀರಿಕೊಂಡ, ಇದು ಅವನ ಮಣ್ಣು! ಮಕ್ಕಳು ಸುತ್ತ ನಿಂತು ನೋಡಬೇಕು. ಆ ಸೀಮೆಯಲ್ಲಿ ಇಂಗ್ಲಿಷ್‌ಗಿಂತ ಹಳೆಯ ಭಾಷೆ ಸ್ಪ್ಯಾನಿಷ್, ಅದು ನೆನಪಿರಲಿ.

ಟೆಕ್ಸಾಸ್‌ನ ಇಂಥ ಶಾಲೆಗಳಲ್ಲಿ ಏಟು ತಿಂದ ಎಷ್ಟೋ ಜನ ಮುಂದೆ ತಮ್ಮ ಮಕ್ಕಳ ಜೊತೆ ಸ್ಪ್ಯಾನಿಷ್ ಮಾತಾಡಲೇ ಇಲ್ಲ. ನಮ್ಮ ಪಾಡು ಅವರಿಗೆ ಬೇಡ ಅಂತ. ನನಗೆ ಹಲಗೆ ಏಟಿಗಿಂತ ಇದೇ ಜಾಸ್ತಿ ನಾಟಿತು.

ಯಾಕೆಂದರೆ ನಮ್ಮ ಮನೆಯಲ್ಲಿ ಹಲಗೆಯೇ ಬೇಕಾಗಲಿಲ್ಲ. ಮಗಳಿಗೆ ಮೂರು ವರ್ಷ ಇದ್ದಾಗ ಡೇಕೇರ್‌ನಲ್ಲಿ ಒಬ್ಬರು ನಗುನಗುತ್ತಾ, "ಮನೆಯಲ್ಲೂ ಇಂಗ್ಲಿಷ್ ಮಾತಾಡಿ, ಬೇಗ ಹೊಂದಿಕೊಳ್ಳುತ್ತಾಳೆ" ಅಂದರು. ನಾವು ತುಟಿ ಬಿಚ್ಚದೆ ಒಪ್ಪಿದೆವು. ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ನಮ್ಮಮ್ಮ "ಏನ್ ತಿಂದೆ ಪುಟ್ಟಿ?" ಅಂದರು. ಮಗಳು ನನ್ನ ಮುಖ ನೋಡಿದಳು. ಅಮ್ಮ ಇನ್ನೊಂದು ಸಲ ಕೇಳಲಿಲ್ಲ. "ತಗೊಳ್ಳಿ, ನೀವೇ ಮಾತಾಡಿ" ಅಂತ ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟರು. ಅವತ್ತಿನಿಂದ ಮನೆಯಲ್ಲಿ ಮತ್ತೆ ಕನ್ನಡ ಶುರು. ಈಗ ಅವಳಿಗೆ ಒಂಬತ್ತು. ವ್ಯಾಕರಣ ಸೊಟ್ಟ, ಜಗಳ ಮಾತ್ರ ಅಚ್ಚ ಕನ್ನಡದಲ್ಲೇ.

ಮಾರ್ಫಾದ ಮಕ್ಕಳ ಪಾಡೂ ನಮ್ಮದೂ ಒಂದೇ ಅಂತ ಹೇಳುತ್ತಿಲ್ಲ. ನಾವು ಬೇಕಂತಲೇ ವೀಸಾ ತಗೊಂಡು ಬಂದವರು. ಆದರೆ ಡಬ್ಬಿಯ ಕಥೆ ಕೇಳಿದ ಮಗಳು ಕಾರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಅವ್ರು ಅಜ್ಜಿ ಹತ್ರ ಹೇಗ್ ಮಾತಾಡ್ತಿದ್ರು?"

ಆ ಶಾಲೆಯ ಹಳೆಯ ವಿದ್ಯಾರ್ಥಿಗಳೇ ಹೋರಾಡಿ ಕಟ್ಟಡ ಉಳಿಸಿಕೊಂಡರು. 2007ರಲ್ಲಿ 'ಮಿಸ್ಟರ್ ಸ್ಪ್ಯಾನಿಷ್'ನನ್ನು ಮಣ್ಣಿನಿಂದ ಮೇಲೆತ್ತುವ ಕಾರ್ಯಕ್ರಮವನ್ನೂ ಮಾಡಿದರಂತೆ. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡುವ ಕಾನೂನು ಬಂತು.

ಹೋಗುವವರು ಶಾಲೆ ತೆರೆದಿರುವ ದಿನ ನೋಡಿಕೊಂಡು ಹೋಗಿ. ರೈಲಿನಲ್ಲಿ ಹೋಗುವ ಆಸೆ ಇದ್ದರೆ ಹತ್ತಿರದ ಆಲ್ಪೈನ್ ಊರಲ್ಲಿ ಇಳಿದು 26 ಮೈಲಿ ಕಾರಲ್ಲಿ ಬರಬೇಕು. ಆಮ್‌ಟ್ರ್ಯಾಕ್ ಪ್ರಯಾಣಿಕರ ರೈಲು ಮಾರ್ಫಾದ ಮಧ್ಯದಲ್ಲೇ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ.