ಬೆಕ್ಕು, ನಾಯಿಮರಿ ಇರುವ ಮನೆ: ಯಾವ ಗಿಡ ಇಟ್ಟುಕೊಳ್ಳಬಹುದು, ಯಾವುದು ಬೇಡ?

ಪ್ರಶ್ನೆ: ಮನೆಯಲ್ಲಿ ಒಂದು ಬೆಕ್ಕು, ನಾಲ್ಕು ತಿಂಗಳ ನಾಯಿಮರಿ ಇವೆ. ಬಾಲ್ಕನಿಯಲ್ಲಿ ಮನಿಪ್ಲಾಂಟ್, ಡೈಫೆನ್‌ಬಾಕಿಯಾ, ಲೋಳೆಸರ, ಕುಂಡದಲ್ಲಿ ತಾಳೆಯಂತೆ ಕಾಣುವ ಸೈಕಾಸ್. ಕಾಂಪೌಂಡಿನ ಪಕ್ಕ ಕಣಗಿಲೆ. ಎಲ್ಲವನ್ನೂ ಕಿತ್ತು ಹಾಕಬೇಕಾ? ತಿಳಿದವರು ಹೇಳಿ.

ಉತ್ತರ 1: ಎಲ್ಲವನ್ನೂ ಬೇಡ. ಸೈಕಾಸ್ ಮಾತ್ರ ಇವತ್ತೇ ಮನೆಯಿಂದ ಹೋಗಲಿ. ಇಡೀ ಗಿಡ ವಿಷ, ಬೀಜವಂತೂ ಘೋರ. ಒಂದೆರಡು ಅಗಿದರೂ ನಾಯಿ ಉಳಿಯದೇ ಹೋಗಬಹುದು. ಮೊದಲು ವಾಂತಿ, ಒಂದೆರಡು ದಿನ ಕಳೆದ ಮೇಲೆ ಯಕೃತ್ತಿಗೆ ಪೆಟ್ಟು. ವಾಂತಿ ನಿಂತಿತಲ್ಲ ಎಂದು ಸುಮ್ಮನಾಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ನಿಮ್ಮ ಮರಿಗೆ ಈಗ ಹಲ್ಲು ಬದಲಾಗುವ ವಯಸ್ಸು, ಬಾಯಿಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ.

ಉತ್ತರ 2: ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಹಸಿಯಿದ್ದಾಗ ಕಹಿಯೆಂದು ಮೂಸಿ ಬಿಡುವ ದನ, ಒಣಗಿದ್ದನ್ನು ಹುಲ್ಲಿನ ಜೊತೆ ತಿಂದುಬಿಡುತ್ತದೆ. ಆದ್ದರಿಂದ ಸವರಿದ ಕೊಂಬೆಯನ್ನು ಗೇಟಿನಾಚೆ ಎಸೆಯಬೇಡಿ. ಸುಡಲೂಬೇಡಿ, ಹೊಗೆಯೂ ವಿಷ. ದೇವರಿಗೆ ಏರಿಸಿದ ಕಣಗಿಲೆ ಹಾರವನ್ನು ಮರಿಗೆ ಎಟುಕುವ ಬುಟ್ಟಿಯಲ್ಲಿ ಹಾಕದೆ ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಉತ್ತರ 3: ಬೆಕ್ಕಿನ ವಿಷಯಕ್ಕೆ ಬಂದರೆ ನನ್ನ ಭಯ ನಿಮ್ಮ ಗಿಡಗಳಿಗಿಂತ ಉಡುಗೊರೆಯಾಗಿ ಬರುವ ಹೂಗುಚ್ಛದ ಮೇಲೆ. ಅದರಲ್ಲಿ ಏಷಿಯಾಟಿಕ್ ಅಥವಾ ಓರಿಯೆಂಟಲ್ ಲಿಲ್ಲಿ ಇದ್ದರೆ ಒಳಗೇ ತರಬೇಡಿ. ಕೇಸರದ ತುದಿಯ ಕಂದು-ಕಿತ್ತಳೆ ಪುಡಿ ಮೈಗೆ ಮೆತ್ತಿಕೊಳ್ಳುತ್ತದೆ, ಬೆಕ್ಕು ಮೈ ನೆಕ್ಕುತ್ತದೆ, ಅಷ್ಟು ಸಾಕು. ಹೂದಾನಿಯ ನೀರೂ ಅಪಾಯವೇ. ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. 18 ಗಂಟೆಯೊಳಗೆ ಡ್ರಿಪ್ ಶುರುವಾದರೆ ಬದುಕುವ ಅವಕಾಶ ಚೆನ್ನಾಗಿರುತ್ತದೆ, ಹಾಗಾಗಿ ಬೆಳಗಾಗಲಿ ಎಂದು ಕಾಯಬೇಡಿ. ಪೀಸ್ ಲಿಲ್ಲಿ ಹೆಸರಿಗಷ್ಟೇ ಲಿಲ್ಲಿ, ಅದು ಮನಿಪ್ಲಾಂಟಿನ ಕುಟುಂಬಕ್ಕೆ ಸೇರಿದ್ದು.

ಉತ್ತರ 4: ಮನಿಪ್ಲಾಂಟ್, ಡೈಫೆನ್‌ಬಾಕಿಯಾ ಎರಡರಲ್ಲೂ ಕೆಸುವಿನಲ್ಲಿರುವಂಥದೇ ಸೂಜಿ ಹರಳು. ಜೊಲ್ಲು ಸುರಿಯುತ್ತದೆ, ಬಾಯಿ ಉರಿಯಿಂದ ಮುಖ ಉಜ್ಜಿಕೊಳ್ಳುತ್ತವೆ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ನೀರು ಕೊಡಿ. ಗಂಟಲು ಊದಿ ಉಸಿರು ಕಷ್ಟವಾದರೆ ಮಾತ್ರ ತಡಮಾಡದೆ ಡಾಕ್ಟರ ಬಳಿ ಓಡಿ. ಮನಿಪ್ಲಾಂಟನ್ನು ತೂಗುಕುಂಡಕ್ಕೆ ಹಾಕಿ, ಬಳ್ಳಿ ಕೆಳಗೆ ಇಳಿಯದಂತೆ ಕತ್ತರಿಸುತ್ತಿರಿ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸದಿಂದ ಭೇದಿಯಾಗುತ್ತದೆ, ಅದನ್ನೂ ಮೇಲಿಡಿ. ನೆಲದ ಮೇಲೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ದಾಸವಾಳ, ಗುಲಾಬಿ ನಿಶ್ಚಿಂತೆಯಿಂದ ಇಡಬಹುದು.

ಉತ್ತರ 5: ಗೊಬ್ಬರವನ್ನು ಯಾರೂ ಹೇಳಲಿಲ್ಲ. ಕುಂಡಕ್ಕೆ ಹಾಕುವ ಹರಳು ಹಿಂಡಿಯ (ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಬೀಜದ ಹಿಂಡಿ) ವಾಸನೆ ನಾಯಿಗೆ ಬಹಳ ಇಷ್ಟ, ಕುಂಡ ಕೆದಕಿ ತಿನ್ನುತ್ತದೆ. ಸರಿಯಾಗಿ ಬೇಯಿಸದ ಹಿಂಡಿಯಲ್ಲಿ ರಿಸಿನ್ ವಿಷ ಉಳಿದಿರುತ್ತದೆ. ಅದನ್ನು ಬಿಟ್ಟು ಎರೆಗೊಬ್ಬರ ಹಾಕಿ.

ಏನು ತಿಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಜೀವ ತೆಗೆಯಬಹುದು. ಕಚ್ಚಿದ ಎಲೆ, ವಾಂತಿಯ ಫೋಟೊ, ತಿಂದ ಹೊತ್ತು, ಪ್ರಾಣಿಯ ತೂಕ ಇಷ್ಟನ್ನು ಹಿಡಿದು ಹೊರಡಿ, ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರು ಹೊಟ್ಟೆ ಖಾಲಿ ಮಾಡಿಸುವುದು, ವಿಷ ಹೀರುವ ಔಷಧಿ ಇದ್ದಿಲು ಕೊಡುವುದು ಮೊದಲ ಒಂದೆರಡು ಗಂಟೆಯೊಳಗಾದರೇ ಹೆಚ್ಚು ಫಲ.